ಮುಯ್ಯಿಯಿಂದ ಅರವಟ್ಟಿಗೆಗೆ: ಸೇವಾ ಕ್ಲಬ್ಬುಗಳ ಕಥೆ

ನಮ್ಮ ನಾಡಿನ ಯಾವುದೇ ನಡುತರದ ಪಟ್ಟಣವನ್ನು ಬಸ್ಸಿನಲ್ಲಿ ಪ್ರವೇಶಿಸುವಾಗ, ಊರಿನ ಹೆಸರನ್ನು ಸಾರುವ ಫಲಕದ ಮೇಲೆ ಒಂದು ಹಲ್ಲುಚಕ್ರದ ಗುರುತನ್ನೋ, ಎಡಕ್ಕೂ ಬಲಕ್ಕೂ ಮುಖ ಮಾಡಿದ ಎರಡು ಸಿಂಹಗಳ ಗುರುತನ್ನೋ ಓದುಗರು ಕಂಡಿರಬಹುದು. ಅದೇ ಗುರುತು ಬಸ್ ನಿಲ್ದಾಣದ ಕುಡಿಯುವ ನೀರಿನ ತೊಟ್ಟಿಯ ಮೇಲೂ, ಉದ್ಯಾನದ ಕಲ್ಲುಬೆಂಚಿನ ಮೇಲೂ, ಸರ್ಕಾರಿ ಆಸ್ಪತ್ರೆಯ ಹೊರಜಗಲಿಯಲ್ಲಿಯೂ, ಕೊನೆಗೆ ರುದ್ರಭೂಮಿಯ ಗೋಡೆಯ ಮೇಲೂ ಕಾಣಸಿಗುತ್ತದೆ. ಚಕ್ರ ರೋಟರಿ ಕ್ಲಬ್ಬಿನದು, ಸಿಂಹಗಳು ಲಯನ್ಸ್ ಕ್ಲಬ್ಬಿನವು. ಎರಡೂ ಸಂಸ್ಥೆಗಳಲ್ಲಿ ಪ್ರಪಂಚದಾದ್ಯಂತ ತಲಾ ಹತ್ತು ಲಕ್ಷಕ್ಕೆ ಮೀರಿದ ಸದಸ್ಯರಿದ್ದಾರೆ.

ಈ ಕ್ಲಬ್ಬುಗಳ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳುಂಟು. ಊರಿನ ಗಣ್ಯರು ವಾರಕ್ಕೊಮ್ಮೆ ಸೇರಿ, ಕೋಟು ತೊಟ್ಟು, ಊಟ ಮಾಡಿ, ಒಬ್ಬರಿಗೊಬ್ಬರು ಹಾರ ಹಾಕಿಕೊಂಡು ಪತ್ರಿಕೆಗೆ ಭಾವಚಿತ್ರ ಕಳುಹಿಸುವ ಕೂಟ ಇದೆಂದು ಒಂದು ಪಕ್ಷ. ಸರ್ಕಾರದ ಕೈ ತಲುಪದ ಕಡೆಗೆ ಸದ್ದಿಲ್ಲದೆ ತಲುಪುವ ಪುಣ್ಯವಂತರ ಸಂಘ ಇದೆಂದು ಇನ್ನೊಂದು ಪಕ್ಷ. ಎರಡೂ ಪಕ್ಷಗಳಿಗೆ ಸಾಕ್ಷ್ಯ ಒದಗಿಸುವಷ್ಟು ಉದಾಹರಣೆಗಳು ಪ್ರತಿ ಊರಿನಲ್ಲಿಯೂ ದೊರೆಯುತ್ತವೆ. ಆದರೆ ಈ ವಾದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಊಟಕ್ಕೂ ಉಪಕಾರಕ್ಕೂ ಏನು ಸಂಬಂಧ? ಸೇವೆ ಮಾಡಬೇಕೆಂದಿದ್ದವರು ನೇರವಾಗಿ ಸೇವೆ ಮಾಡಬಾರದೇಕೆ? ವಾರ ವಾರ ಕೂಡಿ ಕುಳಿತು ಹರಟುವ ಅಗತ್ಯವಾದರೂ ಏನು? ಇದಕ್ಕೆ ಉತ್ತರ ಬೇಕಾದರೆ ನೂರಿಪ್ಪತ್ತು ವರ್ಷಗಳ ಹಿಂದಿನ ಷಿಕಾಗೊ ನಗರಕ್ಕೆ ಹೋಗಬೇಕಾಗುತ್ತದೆ.

ಒಂಟಿ ವಕೀಲ

1896ರಲ್ಲಿ ಪಾಲ್ ಹ್ಯಾರಿಸ್ ಎಂಬ ತರುಣ ವಕೀಲನೊಬ್ಬ ಷಿಕಾಗೊಗೆ ಬಂದು ನೆಲಸಿದ. 1868ರಲ್ಲಿ ಹುಟ್ಟಿದ ಆತ ತಂದೆಯ ವ್ಯಾಪಾರ ಮುರಿದುಬಿದ್ದುದರಿಂದ ಎಳೆಯ ವಯಸ್ಸಿನಲ್ಲಿಯೇ ಅಜ್ಜ ಅಜ್ಜಿಯರ ಮನೆ ಸೇರಿ, ವರ್ಮಾಂಟ್ ಸಂಸ್ಥಾನದ ವಾಲಿಂಗ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ ಬೆಳೆದವನು. 1891ರಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದ ಮೇಲೆ ಐದು ವರ್ಷ ದೇಶ ಸುತ್ತಿದ. ಪತ್ರಿಕೆಯ ವರದಿಗಾರನಾದ, ಹಣ್ಣಿನ ತೋಟದಲ್ಲಿ ದುಡಿದ, ನಾಟಕದಲ್ಲಿ ಪಾತ್ರ ವಹಿಸಿದ, ಹೋಟೆಲಿನಲ್ಲಿ ರಾತ್ರಿಯ ಗುಮಾಸ್ತನಾದ, ದನಗಳನ್ನು ಸಾಗಿಸುವ ಹಡಗಿನಲ್ಲಿಯೂ ಕೆಲಸ ಮಾಡಿದ. ಇಷ್ಟೆಲ್ಲ ಜನರನ್ನು ಕಂಡವನಿಗೆ ಷಿಕಾಗೊದಲ್ಲಿ ಮಾತ್ರ ಗೆಳೆಯರಿರಲಿಲ್ಲ. ಕಕ್ಷಿಗಾರರಿದ್ದರು, ಪರಿಚಿತರಿದ್ದರು, ಭಾನುವಾರ ಬಂದಿತೆಂದರೆ ಮಾತನಾಡಲು ಒಬ್ಬರಿಲ್ಲ. ಬಾಲ್ಯದ ಹಳ್ಳಿಯಲ್ಲಿ ಬೀದಿಯ ಉದ್ದಕ್ಕೂ ಹೆಸರು ಹಿಡಿದು ಕರೆಯುವವರಿದ್ದ ನೆನಪು ಅವನನ್ನು ಮತ್ತಷ್ಟು ಒಂಟಿಯಾಗಿಸುತ್ತಿದ್ದಿತು.

1900ರ ಒಂದು ಸಂಜೆ ಇನ್ನೊಬ್ಬ ವಕೀಲ ಮಿತ್ರನ ಮನೆಯಲ್ಲಿ ಊಟ ಮಾಡಿ ಇಬ್ಬರೂ ಅಡ್ಡಾಡಲು ಹೊರಟರು. ಆ ಮಿತ್ರ ದಾರಿಯುದ್ದಕ್ಕೂ ಅಂಗಡಿಗಳ ಬಾಗಿಲಲ್ಲಿ ನಿಂತು, ಒಬ್ಬೊಬ್ಬ ವ್ಯಾಪಾರಿಯನ್ನೂ ಹೆಸರಿನಿಂದ ಮಾತನಾಡಿಸಿ, ಹ್ಯಾರಿಸನಿಗೆ ಪರಿಚಯ ಮಾಡಿಕೊಡುತ್ತ ಹೋದ. ಹಳ್ಳಿಯ ಬೀದಿಯೇ ಮಹಾನಗರದೊಳಗೆ ಎದ್ದು ಬಂದಂತೆ ಹ್ಯಾರಿಸನಿಗೆ ತೋರಿತು. ಬೇರೆ ಬೇರೆ ವೃತ್ತಿಯವರು ಹೀಗೆ ಸ್ನೇಹದಿಂದ ಕೂಡುವಂತಾದರೆ ಹೇಗೆ ಎಂಬ ಯೋಚನೆ ಅವನ ಮನಸ್ಸಿನಲ್ಲಿ ಐದು ವರ್ಷ ಉಳಿಯಿತು.

1905ರ ಫೆಬ್ರವರಿ 23ರಂದು ನಾಲ್ವರು ಒಂದು ಕಚೇರಿಯಲ್ಲಿ ಸೇರಿದರು. ಯೂನಿಟಿ ಕಟ್ಟಡದ 711ನೆಯ ಕೊಠಡಿ ಅದು. ವಕೀಲ ಹ್ಯಾರಿಸ್, ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಷೀಲ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ಬಟ್ಟೆ ಹೊಲಿಸುವ ವ್ಯಾಪಾರಿ ಹೈರಮ್ ಷೋರಿ. ಮುಂದಿನ ಸಭೆ ಇನ್ನೊಬ್ಬನ ಕಚೇರಿಯಲ್ಲಿ, ಅದರ ಮುಂದಿನದು ಷೀಲನ ಕಲ್ಲಿದ್ದಲ ಅಂಗಳದಲ್ಲಿ. ಹೀಗೆ ಸರದಿಯಂತೆ ಸ್ಥಳ ಸುತ್ತುತ್ತ ಹೋದುದರಿಂದ ಆ ಕೂಟಕ್ಕೆ ‘ರೋಟರಿ’ ಎಂಬ ಹೆಸರು ಬಂದಿತು. ಷೀಲನೇ ಮೊದಲ ಅಧ್ಯಕ್ಷನಾದ. ಪ್ರತಿಯೊಂದು ವೃತ್ತಿಗೆ ಒಬ್ಬನೇ ಸದಸ್ಯನೆಂಬ ನಿಯಮವನ್ನು ಮಾಡಿಕೊಂಡರು.

ಈ ಆರಂಭದಲ್ಲಿ ಸೇವೆಯ ಮಾತೇ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಸ್ನೇಹ ಒಂದು ಉದ್ದೇಶ. ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ನೆರವಾಗುವುದು ಇನ್ನೊಂದು ಉದ್ದೇಶ. ಸದಸ್ಯರು ಪರಸ್ಪರ ಕೊಟ್ಟುಕೊಂಡ ವ್ಯಾಪಾರದ ಲೆಕ್ಕವನ್ನು ಬರೆದಿಡುವುದಕ್ಕೆ ಒಬ್ಬ ಪದಾಧಿಕಾರಿಯೇ ಇದ್ದ! ನಮ್ಮ ಹಳ್ಳಿಗಳ ಭಾಷೆಯಲ್ಲಿ ಹೇಳುವುದಾದರೆ ಇದು ಅಪ್ಪಟ ಮುಯ್ಯಿ. ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀನು ಬರಬೇಕು. ಮದುವೆಯ ಮನೆಯಲ್ಲಿ ಇಟ್ಟ ಮುಯ್ಯಿಯನ್ನು ಮನೆಯಾಕೆ ನೆನಪಿಟ್ಟುಕೊಂಡು ಮುಂದೊಂದು ದಿನ ಹಿಂದಿರುಗಿಸಬೇಕು. ಮುಯ್ಯಾಳಿನ ಪದ್ಧತಿ ಎಷ್ಟೋ ಬಡ ರೈತರ ಬೇಸಾಯವನ್ನು ಉಳಿಸಿದೆ. ಅದನ್ನು ಹಗುರವಾಗಿ ಕಾಣಬೇಕಾದುದಿಲ್ಲ. ಆದರೆ ಅದರ ಒಳಕ್ಕೆ ಹಿಂದಿರುಗಿಸಬಲ್ಲವನಿಗೆ ಮಾತ್ರ ಪ್ರವೇಶ. ಗದ್ದೆಯೇ ಇಲ್ಲದವನ ನಾಟಿಗೆ ಯಾರು ಬರುತ್ತಾರೆ?

ಕಾರ್ಟರನ ಪ್ರಶ್ನೆ

1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನಿಗೆ ಕ್ಲಬ್ಬು ಸೇರುವಂತೆ ಆಹ್ವಾನ ಬಂದಿತು. ಕ್ಲಬ್ಬು ಏನು ಮಾಡುತ್ತದೆಂದು ಆತ ವಿಚಾರಿಸಿದ. ಸದಸ್ಯರು ಪರಸ್ಪರ ನೆರವಾಗುತ್ತಾರೆಂಬ ಉತ್ತರ ಬಂದಿತು. ಹೊರಗಿನವರಿಗೆ ಏನೂ ಮಾಡದ, ತನ್ನವರಿಗಾಗಿಯೇ ಇರುವ ಕೂಟ ಬಹುಕಾಲ ಬಾಳಲಾರದು ಎಂದು ಹೇಳಿ ಆತ ಸೇರಲು ಹಿಂಜರಿದ. ಕರೆಯಲು ಬಂದವನು ಕೋಪಿಸಿಕೊಂಡು ಹೊರಟುಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೊ. ಹಾಗಾಗಲಿಲ್ಲ. ಹಾಗಿದ್ದರೆ ನೀವೇ ಬಂದು ನಿಯಮವನ್ನು ತಿದ್ದಿಕೊಡಿ ಎಂದು ಕಾರ್ಟರನನ್ನು ಕೇಳಿಕೊಂಡರು. ಆತ ಸೇರಿದ. ನಗರದ ಹಿತವನ್ನು ಸಾಧಿಸುವುದು ಮತ್ತು ಪೌರರಲ್ಲಿ ನಗರದ ಬಗೆಗೆ ಅಭಿಮಾನವನ್ನು ಬೆಳೆಸುವುದು ಎಂಬ ಮೂರನೆಯ ಉದ್ದೇಶ ಕ್ಲಬ್ಬಿನ ನಿಯಮಾವಳಿಗೆ ಸೇರಿತು.

ಈ ಹೊಸ ಉದ್ದೇಶದ ಮೊದಲ ಫಲ ಯಾವುದು ಬಲ್ಲಿರಾ? ಪ್ರತಿಮೆಯಲ್ಲ, ಪುರಭವನವಲ್ಲ, ಸಾರ್ವಜನಿಕ ಶೌಚಾಲಯ! ಷಿಕಾಗೊದ ಪೇಟೆಗೆ ಬಂದ ಸಾಮಾನ್ಯನಿಗೆ ಇಂಥ ಸೌಕರ್ಯವಿರಲಿಲ್ಲ. 1907ರಲ್ಲಿ ಕ್ಲಬ್ಬು ಈ ಕೆಲಸಕ್ಕೆ ಕೈ ಹಾಕಿದಾಗ ವಿರೋಧವೂ ಬಂದಿತು. ಮದ್ಯ ತಯಾರಕರು, ಗಂಡಸರಿಗೆ ಪಾನಗೃಹಗಳಲ್ಲಿ ವ್ಯವಸ್ಥೆ ಇದ್ದೇ ಇದೆ ಎಂದರು. ದೊಡ್ಡ ಅಂಗಡಿಗಳವರು, ಹೆಂಗಸರಿಗೆ ನಮ್ಮ ಅಂಗಡಿಗಳಲ್ಲಿ ವ್ಯವಸ್ಥೆ ಇದೆ ಎಂದರು. ಹೋದವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲವೆಂಬ ಲೆಕ್ಕಾಚಾರ ಅವರದು. ಕ್ಲಬ್ಬಿನವರು ನಗರಾಡಳಿತವನ್ನೂ ಇತರ ಸಂಸ್ಥೆಗಳನ್ನೂ ಜೊತೆಗೂಡಿಸಿಕೊಂಡು ಪಟ್ಟು ಹಿಡಿದು ಕೆಲಸವನ್ನು ಸಾಧಿಸಿದರು. ಮುಯ್ಯಿಯ ಕೂಟ ತನ್ನ ಬಾಗಿಲಲ್ಲಿ ಅರವಟ್ಟಿಗೆ ಇಟ್ಟಂತಾಯಿತು. ಅರವಟ್ಟಿಗೆಯ ನೀರನ್ನು ಕುಡಿದ ದಾರಿಹೋಕ ಅದನ್ನು ಎಂದೂ ಹಿಂದಿರುಗಿಸುವವನಲ್ಲ; ಕುಡಿಸಿದವರ ಹೆಸರನ್ನೂ ಆತ ಕೇಳುವುದಿಲ್ಲ.

1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡನೆಯ ಕ್ಲಬ್ಬು ಹುಟ್ಟಿತು. 1917ರಲ್ಲಿ ಆರ್ಚ್ ಕ್ಲಂಫ್ ಎಂಬ ಅಧ್ಯಕ್ಷರು ಸತ್ಕಾರ್ಯಗಳಿಗಾಗಿ ಒಂದು ಶಾಶ್ವತ ನಿಧಿಯಿರಲಿ ಎಂದು ಸೂಚಿಸಿದರು. ಅದಕ್ಕೆ ಮರುವರ್ಷ ಬಂದ ಮೊದಲ ದೇಣಿಗೆ 26 ಡಾಲರು 50 ಸೆಂಟು. ಇಂದು ಪ್ರಪಂಚದ ದೊಡ್ಡ ಸೇವಾ ನಿಧಿಗಳಲ್ಲೊಂದಾದ ರೋಟರಿ ಪ್ರತಿಷ್ಠಾನದ ಮೂಲಧನ ಇಷ್ಟೇ.

ವಾರದ ಸಭೆಯಲ್ಲಿ

ವಚನ ಸಾಹಿತ್ಯವನ್ನು ಕುರಿತು ಮಾತನಾಡುವಂತೆ ಕ್ಲಬ್ಬೊಂದು ನನ್ನನ್ನು ಕರೆದಿದ್ದಿತು. ನನಗೆ ಗೊತ್ತುಪಡಿಸಿದ್ದುದು ಇಪ್ಪತ್ತು ನಿಮಿಷ. ಒಂದು ಗಂಟೆಯ ಪಾಠಕ್ಕೆ ಒಗ್ಗಿದ ಅಧ್ಯಾಪಕನಿಗೆ ಇಪ್ಪತ್ತು ನಿಮಿಷದಲ್ಲಿ ಪೀಠಿಕೆಯೂ ಮುಗಿಯುವುದಿಲ್ಲ. ಆದರೆ ಅಲ್ಲಿ ಅಧ್ಯಕ್ಷರ ಮುಂದೆ ಒಂದು ಕಂಚಿನ ಗಂಟೆ ಇರುತ್ತದೆ. ಅದನ್ನು ಬಾರಿಸಿದಾಗ ಸಭೆ ಆರಂಭ, ಮತ್ತೆ ಬಾರಿಸಿದಾಗ ಮುಕ್ತಾಯ. ಮಂತ್ರಿಯಾದರೂ ಅಷ್ಟೆ, ಮೇಷ್ಟ್ರಾದರೂ ಅಷ್ಟೆ.

ಸುತ್ತ ಕುಳಿತವರು ಔಷಧದ ಅಂಗಡಿಯವರು, ಅಡಿಕೆ ವರ್ತಕರು, ದಂತವೈದ್ಯರು, ಬ್ಯಾಂಕಿನ ಮ್ಯಾನೇಜರು, ಲಾರಿ ಮಾಲೀಕರು, ನಿವೃತ್ತ ಎಂಜಿನಿಯರು, ನಿವೃತ್ತ ಮುಖ್ಯೋಪಾಧ್ಯಾಯರು, ಮಹಿಳಾ ವಕೀಲರೊಬ್ಬರು. ಮಗಳಿಗೆ ವೈದ್ಯಕೀಯ ಸೀಟು ದೊರೆತ ತಂದೆಗೆ, ಪತ್ರಿಕೆಯಲ್ಲಿ ಹೆಸರು ಬಂದವರಿಗೆ, ಹುಟ್ಟುಹಬ್ಬವನ್ನು ಮುಚ್ಚಿಟ್ಟವರಿಗೆ ನಗುನಗುತ್ತ ‘ದಂಡ’ ವಿಧಿಸಿದರು. ಆ ಹಣವೆಲ್ಲ ಸೇವೆಯ ಡಬ್ಬಿಗೆ. ಹೊರಗೆ ‘ಸಾಹೇಬರು’ ಎನಿಸಿಕೊಂಡವರು ಅಲ್ಲಿ ಬರಿಯ ಹೆಸರಿಗೆ ಇಳಿದಿದ್ದರು. ಹಿಂದಿನ ವರ್ಷದ ಅಧ್ಯಕ್ಷರು ಅಂದು ಕುರ್ಚಿ ಹೊಂದಿಸುತ್ತಿದ್ದರು. ಪ್ರತಿ ಜುಲೈ 1ರಂದು ಪದಾಧಿಕಾರಿಗಳು ಬದಲಾಗಬೇಕೆಂಬ ನಿಯಮ ಬಹು ವಿವೇಕದ್ದು. ನಮ್ಮ ಎಷ್ಟೋ ಸಂಘಗಳು ಒಬ್ಬರೇ ಅಧ್ಯಕ್ಷರನ್ನು ಇಪ್ಪತ್ತು ವರ್ಷ ಹೊತ್ತು ಬಳಲುವುದನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು.

ನನ್ನ ಭಾಷಣವಾದ ಮೇಲೆ ಮುಖ್ಯೋಪಾಧ್ಯಾಯರು ಎದ್ದು ಒಂದು ವಿಷಯ ಮಂಡಿಸಿದರು. ಹತ್ತಿರದ ಹಳ್ಳಿಯ ಪ್ರೌಢಶಾಲೆಯಲ್ಲಿ ಹುಡುಗಿಯರ ಶೌಚಾಲಯವಿದೆ, ನೀರಿಲ್ಲ. ದೊಡ್ಡ ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆಗೇ ಬರುತ್ತಿಲ್ಲ. ಯಾರೂ ಭಾಷಣ ಮಾಡಲಿಲ್ಲ. ಎಂಜಿನಿಯರು, ಕೊಳವೆ ಬಾವಿಯಿಂದ ಶಾಲೆಗೆ ಎಷ್ಟು ದೂರ, ತೊಟ್ಟಿ ಎಷ್ಟು ಎತ್ತರದಲ್ಲಿರಬೇಕು ಎಂದು ಕೇಳಿದರು. ಕೊಳವೆ, ನಲ್ಲಿಗಳನ್ನು ಅಸಲು ಬೆಲೆಗೆ ಕೊಡುವುದಾಗಿ ಒಬ್ಬ ವ್ಯಾಪಾರಿ ಹೇಳಿದರು. ಲಾರಿಯವರು ಸಾಗಣೆ ಒಪ್ಪಿಕೊಂಡರು. ಪಂಚಾಯಿತಿಯ ಒಪ್ಪಿಗೆಯ ಪತ್ರವನ್ನು ವಕೀಲರು ಬರೆದುಕೊಡುವುದೆಂದಾಯಿತು. ಆಗ ದಂತವೈದ್ಯರು ಒಂದು ಮಾತು ಕೇಳಿದರು: “ಆರು ತಿಂಗಳಾದ ಮೇಲೆ ಪಂಪು ಕೆಟ್ಟರೆ?” ಒಂದು ಕ್ಷಣ ಮೌನ. ಕೊನೆಗೆ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುವ ಹೊಣೆಯನ್ನು ಮುಖ್ಯೋಪಾಧ್ಯಾಯರೇ ಹೊತ್ತರು.

ವೃತ್ತಿಗೊಬ್ಬನೆಂಬ ಹಳೆಯ ನಿಯಮ ವ್ಯಾಪಾರದ ಪೈಪೋಟಿಯನ್ನು ತಪ್ಪಿಸಲು ಹುಟ್ಟಿದ್ದಿರಬಹುದು. ಆದರೆ ಅದರ ನಿಜವಾದ ಉಪಯೋಗ ನನಗೆ ಅಂದು ಕಂಡಿತು. ಈ ಆರೇಳು ಜನ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದಿದ್ದರೆ ಅಷ್ಟು ಸಣ್ಣ ಕೆಲಸಕ್ಕೆ ಆರು ಕಚೇರಿಗಳಿಗೆ ಆರು ಅರ್ಜಿ ಬೇಕಾಗುತ್ತಿತ್ತು. ವಾರ ವಾರದ ಊಟ, ಹರಟೆ, ದಂಡದ ನಗು ಇವುಗಳಿಂದ ಬೆಳೆದ ಸಲಿಗೆ ಅಲ್ಲಿ ಅರ್ಜಿಯ ಕೆಲಸವನ್ನು ಮಾಡಿತು. ಒಬ್ಬ ಗೆಳೆಯನಿಗೆ ‘ನೀನು ಇಷ್ಟು ಮಾಡು’ ಎಂದು ಸಂಕೋಚವಿಲ್ಲದೆ ಹೇಳಬಹುದು; ಮಾಡದಿದ್ದರೆ ಮುಂದಿನ ವಾರ ಮುಖಕ್ಕೆ ಮುಖ ಕೊಟ್ಟು ಕೇಳಲೂಬಹುದು. ಹಾಜರಿಯ ವಿಷಯದಲ್ಲಿ ರೋಟರಿಯವರು ಬಹುಕಾಲ ಕಟ್ಟುನಿಟ್ಟಾಗಿದ್ದುದಕ್ಕೂ, ತಮ್ಮ ಸಭೆ ತಪ್ಪಿಸಿಕೊಂಡವರು ಬೇರೆ ಊರಿನ ಕ್ಲಬ್ಬಿನ ಸಭೆಗಾದರೂ ಹೋಗಿ ಹಾಜರಿ ತುಂಬಿಕೊಳ್ಳಬೇಕೆಂದು ವಿಧಿಸಿದ್ದುದಕ್ಕೂ ಇದೇ ಕಾರಣ. 2016ರಿಂದ ಈ ನಿಯಮ ಸಡಿಲವಾಗಿದೆ.

ನಮ್ಮ ನಾಡಿಗೆ ಬಂದ ಬಗೆ

ಭಾರತದ ಮೊದಲ ರೋಟರಿ ಕ್ಲಬ್ಬು 1919ರಲ್ಲಿ ಕಲ್ಕತ್ತೆಯಲ್ಲಿ ಕೂಡಿತು. ಬೆಂಗಳೂರಿನ ಕ್ಲಬ್ಬು 1934ರದು. ಕಲ್ಕತ್ತೆಯ ನಿತೀಶ್ ಲಾಹಿರಿಯವರು 1962–63ರಲ್ಲಿ ಅಂತರರಾಷ್ಟ್ರೀಯ ರೋಟರಿಯ ಅಧ್ಯಕ್ಷರಾದರು. ಏಷ್ಯಾದವರಿಗೆ ಆ ಪದವಿ ಸಂದದ್ದು ಅದೇ ಮೊದಲು. ಲಯನ್ಸ್ ಸಂಸ್ಥೆಯೂ ಷಿಕಾಗೊದ ಕೂಸೇ. 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರದವರು ಅದಕ್ಕೆ ಅಂಕುರಾರ್ಪಣೆ ಮಾಡಿದರು. 1956ರಲ್ಲಿ ಅದು ಬೊಂಬಾಯಿಯ ಮೂಲಕ ಭಾರತಕ್ಕೆ ಬಂದಿತು.

ಲಯನ್ಸ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಣ್ಣಿನ ಶಿಬಿರ. ಇದರ ಹಿಂದೆ ಒಬ್ಬ ಮಹಾಮಹಿಳೆಯ ಮಾತಿದೆ. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡೂ ವಿದ್ವಾಂಸೆಯಾದ ಹೆಲೆನ್ ಕೆಲ್ಲರ್ 1925ರಲ್ಲಿ ಓಹಾಯೋ ಸಂಸ್ಥಾನದ ಸೀಡರ್ ಪಾಯಿಂಟಿನಲ್ಲಿ ಸೇರಿದ್ದ ಲಯನ್ಸ್ ಸಮ್ಮೇಳನಕ್ಕೆ ಬಂದು, ಕುರುಡರ ಪರವಾಗಿ ಕತ್ತಲೆಯ ವಿರುದ್ಧ ಹೋರಾಡುವ ವೀರರಾಗಿರೆಂದು ಅವರನ್ನು ಕೇಳಿಕೊಂಡರು. ಆ ಕೋರಿಕೆಯನ್ನು ಲಯನ್ಸ್ ಅಂದಿನಿಂದ ಕೈಬಿಟ್ಟಿಲ್ಲ.

ಕನ್ನಡ ನಾಡಿನಲ್ಲಿ ಕಣ್ಣಿನ ಶಿಬಿರಗಳಿಗೆ ದಾರಿ ಹಾಕಿದವರು ಡಾ॥ ಎಂ. ಸಿ. ಮೋದಿಯವರು. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ ಈ ನೇತ್ರವೈದ್ಯರು ಊರಿಂದೂರಿಗೆ ಹೋಗಿ ಒಂದೊಂದು ಶಿಬಿರದಲ್ಲಿ ನೂರಾರು ಜನರ ಕಣ್ಣಿನ ಪೊರೆ ತೆಗೆದರು. ವೈದ್ಯನ ಕೈಚಳಕ ಎಷ್ಟೇ ದೊಡ್ಡದಾದರೂ ಅಂಥ ಶಿಬಿರಕ್ಕೆ ಊರಿನವರ ನೂರು ಕೈ ಬೇಕು. ನೋಡಲಾರದ ಮುದುಕರನ್ನು ಹಳ್ಳಿಯಿಂದ ಕರೆತರಬೇಕು, ಚಾಪೆ ಹಾಸಬೇಕು, ಗಂಜಿ ಬೇಯಿಸಬೇಕು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವರನ್ನು ಕೈಹಿಡಿದು ಬಯಲಿಗೆ ಕರೆದೊಯ್ಯಬೇಕು.

ಈಗ ವಿಧಾನ ಬದಲಾಗಿದೆ. ಹಳ್ಳಿಯ ಶಾಲೆಯಲ್ಲಿ ನಡೆಯುವುದು ತಪಾಸಣೆ ಮಾತ್ರ. ಗೋಡೆಗೆ ಅಕ್ಷರದ ಪಟ ತೂಗುಹಾಕಿ ದೃಷ್ಟಿ ನೋಡುತ್ತಾರೆ. ರಕ್ತದ ಒತ್ತಡ, ಸಕ್ಕರೆ ಪರೀಕ್ಷಿಸುತ್ತಾರೆ. ಪೊರೆ ಬಲಿತವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಒಯ್ದು, ಶಸ್ತ್ರಕ್ರಿಯೆ ಮಾಡಿ, ಕಣ್ಣಿನೊಳಗೇ ಮಸೂರವನ್ನು ಕೂರಿಸಿ ಹಿಂದಕ್ಕೆ ಕರೆತರುತ್ತಾರೆ. ಇಲ್ಲಿ ವೈದ್ಯರದು ಅರ್ಧ ಕೆಲಸ. ಶಸ್ತ್ರಕ್ರಿಯೆಯೆಂದೊಡನೆ ಹೆದರಿ ಮನೆಗೆ ಹೊರಟ ಅಜ್ಜಿಯ ಪಕ್ಕದಲ್ಲಿ ಕುಳಿತು, ‘ನಾನೂ ನಿಮ್ಮ ಜೊತೆಗೇ ಬರುತ್ತೇನೆ, ಅಜ್ಜಿ’ ಎಂದು ಬಸ್ಸು ಹತ್ತಿಸುವುದು ಉಳಿದರ್ಧ. ವಾರ ಕಳೆದ ಮೇಲೆ ಆಕೆಯ ಮನೆ ಹುಡುಕಿಕೊಂಡು ಹೋಗಿ, ಹನಿ ಔಷಧವನ್ನು ಹೊತ್ತು ಹೊತ್ತಿಗೆ ಹಾಕಿದ್ದಾರೆಯೆ, ಒಲೆಯ ಹೊಗೆಯಿಂದ ದೂರವಿದ್ದಾರೆಯೆ ಎಂದು ವಿಚಾರಿಸುವವರು ಯಾರಾದರೂ ಇದ್ದರೆ ಆ ಶಿಬಿರ ಸಾರ್ಥಕವಾಯಿತೆನ್ನಬಹುದು.

ಎರಡು ಹನಿಯ ಮಹಾಕಾರ್ಯ

ಗೆಳೆಯರ ಕೂಟವೊಂದು ಎಷ್ಟು ದೂರ ಹೋಗಬಲ್ಲುದು ಎಂಬುದಕ್ಕೆ ಪೋಲಿಯೋ ನಿವಾರಣೆಗಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. 1979ರಲ್ಲಿ ರೋಟರಿ ಫಿಲಿಪ್ಪೀನ್ಸ್ ದ್ವೀಪಗಳ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ಕೆಲಸಕ್ಕೆ ನೆರವಾಯಿತು. ಅದು ಫಲಿಸಿದ್ದನ್ನು ಕಂಡು, 1985ರಲ್ಲಿ ಪ್ರಪಂಚದ ಎಲ್ಲ ಮಕ್ಕಳಿಗೂ ಹನಿ ದೊರಕಿಸುವ ಸಂಕಲ್ಪ ಮಾಡಿತು. 12 ಕೋಟಿ ಡಾಲರು ಕೂಡಿಸುವ ಗುರಿ ಇಟ್ಟುಕೊಂಡರು. ಕೂಡಿದ್ದು 24 ಕೋಟಿ 70 ಲಕ್ಷ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ಜೊತೆಗೆ ರೋಟರಿಯೂ ಸೇರಿ ಜಾಗತಿಕ ಪೋಲಿಯೋ ನಿರ್ಮೂಲನ ಯೋಜನೆ ಆರಂಭವಾಯಿತು. ಆಗ ವರ್ಷಕ್ಕೆ ಸುಮಾರು 3 ಲಕ್ಷ 50 ಸಾವಿರ ಮಕ್ಕಳು ಈ ರೋಗದಿಂದ ಅಂಗವಿಕಲರಾಗುತ್ತಿದ್ದರು.

ಭಾರತದಲ್ಲಿ 1994ರ ಅಕ್ಟೋಬರ್ 2ರಂದು ದೆಹಲಿಯಲ್ಲಿ ಒಂದೇ ದಿನ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಹಾಕಲಾಯಿತು. ಮರುವರ್ಷದಿಂದ ಪಲ್ಸ್ ಪೋಲಿಯೋ ಇಡೀ ದೇಶಕ್ಕೆ ಹಬ್ಬಿತು. ಲಸಿಕೆ, ಸಿಬ್ಬಂದಿ, ಆಡಳಿತ ಎಲ್ಲವೂ ಸರ್ಕಾರದ್ದೇ. ಆಶಾ, ಅಂಗನವಾಡಿ ಕಾರ್ಯಕರ್ತೆಯರ ಪರಿಶ್ರಮಕ್ಕೆ ಹೋಲಿಕೆಯೇ ಇಲ್ಲ. ಒಂದೊಂದು ರಾಷ್ಟ್ರೀಯ ಸುತ್ತಿನಲ್ಲಿ ಸುಮಾರು 23 ಲಕ್ಷ ಮಂದಿ ಸುಮಾರು 17 ಕೋಟಿ ಮಕ್ಕಳನ್ನು ಮುಟ್ಟಿದ್ದುಂಟು. ಕ್ಲಬ್ಬಿನವರು ಅದರ ಅಂಚಿನಲ್ಲಿ ನಿಂತು ವಾಹನ ಕೊಟ್ಟರು, ಊಟ ಕೊಟ್ಟರು, ಬೀದಿ ಬೀದಿಯಲ್ಲಿ ಡಂಗುರ ಸಾರಿಸಿದರು. ಉತ್ತರ ಪ್ರದೇಶದಲ್ಲಿ ಲಸಿಕೆಯ ಬಗೆಗೆ ಸಂಶಯ ಹಬ್ಬಿದಾಗ ಮುಸ್ಲಿಂ ಧರ್ಮಗುರುಗಳ ಸಮಿತಿಯೊಂದನ್ನು ಕೂಡಿಸಿ, ಅವರ ಬಾಯಿಂದಲೇ ತಾಯಂದಿರಿಗೆ ಧೈರ್ಯ ಹೇಳಿಸಿದರು. ಪರಿಚಯದ ಬಲದಿಂದ ನಂಬಿಕೆ ಗಳಿಸುವ ಈ ಕೆಲಸ ಯಾವ ಸುತ್ತೋಲೆಗೂ ಸಾಧ್ಯವಾಗುವಂಥದಲ್ಲ.

ನಮ್ಮ ಕಾಲೇಜಿನ ರೋಟರ‍್ಯಾಕ್ಟ್ ವಿದ್ಯಾರ್ಥಿಗಳೊಡನೆ ಒಂದು ಭಾನುವಾರ ನಾನೂ ಬಸ್ ನಿಲ್ದಾಣದ ಲಸಿಕಾ ಕೇಂದ್ರದಲ್ಲಿ ಕುಳಿತಿದ್ದೆ. ತರುಣರಿಗಾಗಿ ರೋಟರಿ 1968ರಲ್ಲಿ ಆರಂಭಿಸಿದ ಶಾಖೆ ಇದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಲಸಿಕೆಯ ಪುಟ್ಟ ಸೀಸೆಗಳು. ಶಾಖ ತಗಲಿ ಕೆಟ್ಟರೆ ಸೀಸೆಯ ಮೇಲಿನ ಗುರುತು ಬಣ್ಣ ಬದಲಾಯಿಸಿ ಎಚ್ಚರಿಸುತ್ತದೆ. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ಇಟ್ಟಿಗೆ ಗೂಡಿನ ಕೆಲಸಕ್ಕೆ ಹೊರಟ ಕುಟುಂಬವೊಂದು ಬಸ್ಸಿನ ಅವಸರದಲ್ಲಿ ಮಗುವನ್ನು ಎತ್ತಿಕೊಂಡು ಮುಂದೆ ನಡೆಯಿತು. ತರಗತಿಯಲ್ಲಿ ಹಾಜರಿಗೆ ಓಗೊಡುವುದಕ್ಕೂ ನಾಚುವ ಹುಡುಗಿಯೊಬ್ಬಳು ಎದ್ದು ಓಡಿದಳು. “ಯಕ್ಕಾ, ಒಂದ್ ನಿಮಿಷ ನಿಲ್ಲ್ರೀ, ಬಸ್ಸ್ ನಾ ನಿಲ್ಲಸ್ತೀನಿ” ಎಂದು ತನ್ನ ಊರಿನ ಮಾತಿನಲ್ಲಿ ಕೂಗಿದಳು; ಬಸ್ಸನ್ನು ನಿಲ್ಲಿಸಿಯೂಬಿಟ್ಟಳು. ಕಂಡಕ್ಟರು ಗೊಣಗಲಿಲ್ಲ. ಆ ಹುಡುಗಿಗೆ ನಾನು ಎರಡು ವರ್ಷ ಕಲಿಸಿದ ಯಾವ ಪಾಠವೂ ಇಷ್ಟು ಧೈರ್ಯ ಕೊಟ್ಟಿರಲಿಲ್ಲ.

2009ರಲ್ಲಿ ಭಾರತದಲ್ಲಿ 741 ಮಕ್ಕಳಿಗೆ ಪೋಲಿಯೋ ತಗಲಿತ್ತು. ಪ್ರಪಂಚದ ಒಟ್ಟು ಪ್ರಕರಣಗಳಲ್ಲಿ ಸುಮಾರು ಅರ್ಧ ನಮ್ಮವೇ. 2010ರಲ್ಲಿ 42. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣು ಮಗುವಿಗೆ ರೋಗ ಕಾಣಿಸಿಕೊಂಡಿತು. ಕಾಡು ಪೋಲಿಯೋ ವೈರಾಣುವಿಗೆ ಭಾರತದಲ್ಲಿ ಸಿಕ್ಕಿದ ಕೊನೆಯ ಮಗು ಅದು. 2014ರ ಮಾರ್ಚ್ 27ರಂದು ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ 2024ರಲ್ಲಿಯೂ ರೋಗ ತಲೆಯೆತ್ತಿದುದರಿಂದ ಕೆಲಸ ಪೂರ್ತಿಯಾಯಿತೆನ್ನುವಂತಿಲ್ಲ.

ಮುಚ್ಚಿದ್ದ ಬಾಗಿಲು

ಇಷ್ಟು ದೊಡ್ಡ ಮನಸ್ಸಿನ ಸಂಸ್ಥೆ ಎಂಬತ್ತು ವರ್ಷಗಳಿಗೂ ಮಿಕ್ಕಿ ತನ್ನ ಬಾಗಿಲನ್ನು ಅರ್ಧ ಪ್ರಪಂಚಕ್ಕೆ ಮುಚ್ಚಿಟ್ಟುಕೊಂಡಿತ್ತೆಂದರೆ ಆಶ್ಚರ್ಯವಾದೀತು. ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. ರೋಟರಿಯವರ ಪತ್ನಿಯರು 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ‘ಇನ್ನರ್ ವೀಲ್’ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿಕೊಂಡರು. ಇಂದಿಗೂ ಅದು ನಮ್ಮ ಊರುಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಮುಖ್ಯ ಬಾಗಿಲು ಮುಚ್ಚಿಯೇ ಇದ್ದಿತು.

ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ಕ್ಲಬ್ಬಿನಲ್ಲಿ ಸದಸ್ಯರು ತೀರ ಕಡಿಮೆಯಾಗಿ, 1977ರಲ್ಲಿ ಅವರು ಮೂವರು ಮಹಿಳೆಯರನ್ನು ಸೇರಿಸಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ರೋಟರಿ ಆ ಕ್ಲಬ್ಬಿನ ಸನ್ನದನ್ನೇ ರದ್ದುಮಾಡಿತು. ಡುವಾರ್ಟೆಯವರು ಸೋಲಲಿಲ್ಲ. ತಮ್ಮನ್ನು ತಾವೇ ‘ಮಾಜಿ ರೋಟರಿ ಕ್ಲಬ್ಬು’ ಎಂದು ಕರೆದುಕೊಂಡು, ಚಕ್ರದ ಮೇಲೆ ಅಡ್ಡಗೆರೆ ಎಳೆದ ಬಿಲ್ಲೆ ಧರಿಸಿ ವಾರ ವಾರ ಕೂಡುತ್ತಲೇ ಇದ್ದರು, ನ್ಯಾಯಾಲಯಕ್ಕೂ ಹೋದರು. 1987ರ ಮೇ 4ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಲಯನ್ಸ್ ಮಹಿಳೆಯರಿಗೆ ಬಾಗಿಲು ತೆರೆಯಿತು; 1989ರಲ್ಲಿ ರೋಟರಿಯ ನಿಯಮವೂ ಪ್ರಪಂಚಕ್ಕೆಲ್ಲ ಅನ್ವಯಿಸುವಂತೆ ಬದಲಾಯಿತು. 2022–23ರಲ್ಲಿ ಕೆನಡದ ಜೆನಿಫರ್ ಜೋನ್ಸ್ ಅಂತರರಾಷ್ಟ್ರೀಯ ರೋಟರಿಯ ಮೊದಲ ಮಹಿಳಾ ಅಧ್ಯಕ್ಷರಾದರು.

ಗೆಳೆತನದ ಕೂಟಗಳಿಗೆಲ್ಲ ಅಂಟಿಕೊಂಡ ಅಪಾಯ ಇದು. ನಮಗೆ ಸಲಿಗೆಯಾದವರೇ ನಮಗೆ ಸಾಕೆನಿಸುತ್ತದೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೆಂಗಸರಿಗೆ ತೆರೆದ ಬಾಗಿಲು ನಮ್ಮ ಊರಿನ ದರ್ಜಿಗೆ, ಅಂಚೆಯವನಿಗೆ, ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಎಷ್ಟು ತೆರೆದಿದೆ? ವಾರ್ಷಿಕ ಚಂದಾ, ಊಟದ ಖರ್ಚು, ಸಮ್ಮೇಳನಕ್ಕೆ ಹೋಗಿಬರುವ ವೆಚ್ಚ ಇವು ಸಾಮಾನ್ಯ ಗೃಹಸ್ಥನಿಗೆ ಭಾರವೇ. ಕೆಲವು ಕ್ಲಬ್ಬುಗಳು ಊಟದ ಬದಲು ಕಾಫಿ ತಿಂಡಿಗೆ ಇಳಿದು ಖರ್ಚು ತಗ್ಗಿಸಿರುವುದು ಮೆಚ್ಚತಕ್ಕ ಮಾತು.

ಮಡಕೆ ತುಂಬುವವರು

ಆರಂಭದಲ್ಲಿ ಹೇಳಿದ ಎರಡು ಪಕ್ಷಗಳ ವಾದಕ್ಕೆ ಈಗ ಬರೋಣ. ಹೊಳೆಯುವ ಗುರುತಿನ ಕೆಳಗೆ ಒಣಗಿದ ನಲ್ಲಿಯನ್ನು ನಾವೆಲ್ಲರೂ ಕಂಡಿದ್ದೇವೆ. ಉದ್ಘಾಟನೆಯ ದಿನ ಇಪ್ಪತ್ತು ಜನ, ಮರುದಿನ ಯಾರೂ ಇಲ್ಲ. ಹತ್ತು ಜನ ಸೇರಿ ಒಬ್ಬ ರೋಗಿಗೆ ಒಂದು ಸೇಬು ಕೊಡುವ ಭಾವಚಿತ್ರ ನಗೆಪಾಟಲಿನ ವಿಷಯವಾಗಿರುವುದು ಸುಮ್ಮನಲ್ಲ. ಆದರೆ ಇದಕ್ಕೆ ಮದ್ದು ಕ್ಲಬ್ಬುಗಳನ್ನು ಹಳಿಯುವುದರಲ್ಲಿಲ್ಲ. ಒಳ್ಳೆಯ ಕೆಲಸ ಮಾಡುವ ಕ್ಲಬ್ಬುಗಳನ್ನು ನೋಡಿದಾಗ ಅಲ್ಲಿ ಒಂದು ಸಾಮಾನ್ಯ ಲಕ್ಷಣ ಕಾಣುತ್ತದೆ. ಆ ದಂತವೈದ್ಯರ ಹಾಗೆ ‘ಆರು ತಿಂಗಳಾದ ಮೇಲೆ?’ ಎಂದು ಕೇಳುವವರೊಬ್ಬರು ಅಲ್ಲಿರುತ್ತಾರೆ. ಕೇಳಿದ್ದಕ್ಕೆ ಮುನಿಸಿಕೊಳ್ಳದಷ್ಟು ಗೆಳೆತನ ಉಳಿದವರಲ್ಲಿರುತ್ತದೆ. ಕಾರ್ಟರನ ಪ್ರಶ್ನೆಯನ್ನು ಷಿಕಾಗೊದವರು ಸಹಿಸಿದ್ದೂ ಹೀಗೆಯೇ.

ಒಂಟಿಯಾಗಿ ಸೇವೆಗೆ ಹೊರಟವನ ಉತ್ಸಾಹ ಬಹುಮಟ್ಟಿಗೆ ಮೂರನೆಯ ತಿಂಗಳಿಗೆ ಇಳಿಯುತ್ತದೆ. ಮನೆಯಲ್ಲಿ ಮಗುವಿಗೆ ಜ್ವರ, ಕಚೇರಿಯಲ್ಲಿ ಲೆಕ್ಕ ತಪಾಸಣೆ, ಕಾಲೇಜಿನಲ್ಲಿ ಪರೀಕ್ಷೆ. ಆದರೆ ತನ್ನ ಸರದಿಯನ್ನು ಇನ್ನೊಬ್ಬ ಗೆಳೆಯ ಹೊತ್ತಾನು, ಅವನ ಸರದಿಯನ್ನು ತಾನು ಹೊರಬೇಕಾದೀತು ಎಂಬ ಭರವಸೆ ಇದ್ದಾಗ ಕೆಲಸ ನಿಲ್ಲುವುದಿಲ್ಲ. ಅಲ್ಲಿಗೆ ಮುಯ್ಯಿಯೂ ಅರವಟ್ಟಿಗೆಯೂ ಒಂದಕ್ಕೊಂದು ಬೇಕಾದವೇ ಆದವು. ನೀರು ಕುಡಿಯುವ ದಾರಿಹೋಕನಿಗೂ ನಮಗೂ ಲೆಕ್ಕವಿಲ್ಲ. ಮಡಕೆ ತುಂಬುವವರೊಳಗೆ ಮಾತ್ರ ಲೆಕ್ಕವಿರಲಿ.

ಇದಕ್ಕೆ ಚಕ್ರದ ಬಿಲ್ಲೆಯೇ ಬೇಕೆಂದಿಲ್ಲ. ಬಡಾವಣೆಯ ನಾಲ್ಕು ಮನೆಯವರು ತಿಂಗಳಿಗೊಂದು ಸಂಜೆ ಯಾರಾದರೊಬ್ಬರ ಜಗಲಿಯಲ್ಲಿ ಕೂಡಿ ಕಾಫಿ ಕುಡಿದು, ಬೀದಿಯ ಕೊನೆಯ ಮನೆಯ ಒಂಟಿ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಸರದಿಯನ್ನು ಹಂಚಿಕೊಂಡರೂ ಆಯಿತು. ನಾಲ್ವರಲ್ಲಿ ಒಬ್ಬರಿಗೆ ವಾಹನವಿರುತ್ತದೆ, ಒಬ್ಬರಿಗೆ ಬಿಡುವಿರುತ್ತದೆ, ಒಬ್ಬರಿಗೆ ಔಷಧದ ತಿಳಿವಳಿಕೆಯಿರುತ್ತದೆ, ಇನ್ನೊಬ್ಬರಿಗೆ ಅಜ್ಜಿಯ ಕಥೆಯನ್ನು ನೂರನೆಯ ಸಲವೂ ಕೇಳುವ ತಾಳ್ಮೆಯಿರುತ್ತದೆ. 1905ರಲ್ಲಿ ಷಿಕಾಗೊದ ಆ ಕೊಠಡಿಯಲ್ಲಿ ಕೂಡಿದವರೂ ನಾಲ್ವರೇ.